ಸೈರನ್: ಕರೆದದ್ದೂ ಅದೇ, ಅಟ್ಟಿದ್ದೂ ಅದೇ



ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಪ್ರತಿ ವರ್ಷ ಆಗಸ್ಟ್ 1ರ ಸಂಜೆ ಐದು ಗಂಟೆಗೆ ಊರಿನ ಸೈರನ್‌ಗಳು ಒಟ್ಟಿಗೆ ಕೂಗುತ್ತವೆ. ಬಸ್ಸು, ಟ್ರಾಮು, ಕಾರು ಇದ್ದಲ್ಲೇ ನಿಲ್ಲುತ್ತವೆ. ನಡೆಯುತ್ತಿದ್ದವರು ಹೆಜ್ಜೆ ಕಿತ್ತಿಡುವುದಿಲ್ಲ. 1944ರಲ್ಲಿ ಅದೇ ದಿನ, ಅದೇ ಹೊತ್ತಿಗೆ, ಆ ಊರಿನವರು ನಾಜಿ ಸೇನೆಯ ವಿರುದ್ಧ ಬಂಡೆದ್ದಿದ್ದರು. 63 ದಿನ ಕಾದಾಡಿ ಸೋತರು. ಆಮೇಲೆ ನಾಜಿಗಳು ಊರನ್ನೇ ಕೆಡವಿ ಹಾಕಿದರು. ಆ ನೆನಪಿಗೆ ಈ ಕೂಗು.

ಇದೇ ವಾರ್ಸಾದ ಲಾಂಛನದಲ್ಲಿ ಒಬ್ಬ ಹೆಣ್ಣಿದ್ದಾಳೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ, ಸೊಂಟದಿಂದ ಕೆಳಗೆ ಮೀನು. ಪೋಲಿಷ್ ಭಾಷೆಯಲ್ಲಿ ಅವಳ ಹೆಸರು ಸಿರೆನಾ. ಮಾಳಿಗೆಯ ಮೇಲೆ ಕೂಗುವ ಯಂತ್ರಕ್ಕೂ ಅವರು ಸಿರೆನಾ ಎಂದೇ ಹೇಳುತ್ತಾರೆ. ವಿಸ್ತುಲಾ ನದಿಯ ದಂಡೆಯಲ್ಲಿ ಆ ಮೀನುಹೆಣ್ಣಿನ ದೊಡ್ಡ ಪ್ರತಿಮೆಯೊಂದಿದೆ, 1939ರದ್ದು. ಶಿಲ್ಪಿಯ ಮುಂದೆ ಮಾದರಿಯಾಗಿ ನಿಂತವಳು ಕ್ರಿಸ್ತಿನಾ ಕ್ರಾಹೆಲ್ಸ್ಕಾ ಎಂಬ ತರುಣ ಕವಿ. ಐದು ವರ್ಷದ ಮೇಲೆ ದಂಗೆ ಶುರುವಾದ ಮೊದಲ ದಿನವೇ ಅವಳಿಗೆ ಗುಂಡು ತಗುಲಿತು, ಮರುದಿನ ತೀರಿಕೊಂಡಳು. ಹೀಗೆ ಪ್ರತಿ ಆಗಸ್ಟಿನಲ್ಲಿ ವಾರ್ಸಾದ ಸಿರೆನಾಗಳು ಕೂಗುವುದು ಒಬ್ಬ ಸಿರೆನಾಳಿಗಾಗಿಯೂ ಹೌದು.

ನಮಗೆ ಈ ಗೊಂದಲವಿಲ್ಲ. ಕನ್ನಡದಲ್ಲಿ ಮತ್ಸ್ಯಕನ್ಯೆ ಬೇರೆ, ಸೈರನ್ ಬೇರೆ. ಸೈರನ್ ಎಂದರೆ ಆಂಬ್ಯುಲೆನ್ಸು, ಪೊಲೀಸ್ ಜೀಪು, ಅಗ್ನಿಶಾಮಕ ದಳದ ಕೆಂಪು ಲಾರಿ, ಕಾರ್ಖಾನೆಯ ಪಾಳಿ. ಇಂಗ್ಲಿಷ್ ಸಾಹಿತ್ಯ ಓದಿಕೊಂಡವರಿಗೆ ಮಾತ್ರ ಇದು ಗ್ರೀಕ್ ಪುರಾಣದ ಮಾಯಗಾತಿಯರ ಹೆಸರೆಂದು ಗೊತ್ತು. ಅವರು ಒಂದು ವಿವರಣೆಯನ್ನೂ ಕೊಡುತ್ತಾರೆ: ಆ ಮಾಯಗಾತಿಯರು ಅಪಾಯದ ಗುರುತಾಗಿದ್ದರು, ಆದ್ದರಿಂದ ಅಪಾಯ ಸೂಚಿಸುವ ಯಂತ್ರಕ್ಕೆ ಅವರ ಹೆಸರು ಬಂತು ಎಂದು. ಕೇಳಲು ಚೆನ್ನಾಗಿದೆ. ನಡೆದದ್ದು ಹಾಗಲ್ಲ. ಯಂತ್ರಕ್ಕೆ ಆ ಹೆಸರು ಬಂದಾಗ ಅದು ಯಾರನ್ನೂ ಎಚ್ಚರಿಸುತ್ತಿರಲಿಲ್ಲ. ಅದು ಪ್ರಯೋಗಾಲಯದ ಮೇಜಿನ ಮೇಲಿಡುವ ಸಣ್ಣ ಉಪಕರಣ. ಹೆಸರಿಟ್ಟವನ ಕಾರಣ ಬೇರೆಯೇ ಇತ್ತು, ಆ ಕಾರಣ ನಿಂತಿದ್ದು ಪುರಾಣವನ್ನು ಸಾವಿರ ವರ್ಷ ತಪ್ಪಾಗಿ ಚಿತ್ರಿಸಿದ ಒಂದು ಕೈತಪ್ಪಿನ ಮೇಲೆ. ಅಲ್ಲಿಗೆ ಹೋಗುವ ಮುನ್ನ ಹೋಮರನಿಂದ ಶುರುಮಾಡಬೇಕು.

'ಒಡಿಸ್ಸಿ'ಯ ಹನ್ನೆರಡನೆಯ ಭಾಗ. ಟ್ರಾಯ್ ಯುದ್ಧ ಮುಗಿಸಿ ಮನೆಗೆ ಹೊರಟ ಒಡಿಸ್ಯೂಸನಿಗೆ ಮಾಯಾವಿನಿ ಸರ್ಸಿ ಮುಂದಿನ ದಾರಿ ಹೇಳಿಕೊಡುತ್ತಾಳೆ. ಮೊದಲು ಸೈರನ್ನರ ದ್ವೀಪ ಸಿಗುತ್ತದೆ. ಅವರ ಹಾಡು ಕೇಳಿದವನು ಹೆಂಡತಿ ಮಕ್ಕಳ ಮುಖ ಮತ್ತೆ ಕಾಣುವುದಿಲ್ಲ. ಅವರು ಕೂತ ಹುಲ್ಲುಗಾವಲಿನ ಸುತ್ತ ಸತ್ತವರ ಮೂಳೆಗಳ ರಾಶಿ ಬಿದ್ದಿದೆ. ಹುಟ್ಟು ಹಾಕುವವರ ಕಿವಿಗೆ ಜೇನುಮೇಣ ಮೆತ್ತು, ನಿನಗೆ ಕೇಳಲೇಬೇಕೆಂದಿದ್ದರೆ ಹಾಯಿಕಂಬಕ್ಕೆ ಕಟ್ಟಿಸಿಕೋ ಎನ್ನುತ್ತಾಳೆ. ಅವನು ಹಾಗೆಯೇ ಮಾಡುತ್ತಾನೆ. ದ್ವೀಪ ಹತ್ತಿರ ಬಂದಾಗ ಗಾಳಿ ನಿಂತುಬಿಡುತ್ತದೆ. ಹಾಡು ಕೇಳಿಸುತ್ತದೆ. ಬಿಚ್ಚಿ ಎಂದು ಹುಬ್ಬಿನಲ್ಲೇ ಸನ್ನೆ ಮಾಡುತ್ತಾನೆ. ಜೊತೆಯವರು ಎದ್ದು ಇನ್ನೂ ಬಿಗಿಯಾಗಿ ಕಟ್ಟುತ್ತಾರೆ.

ಹಾಡಿನಲ್ಲಿ ಏನಿತ್ತು? ಹೆಣ್ಣಿನ ಮೋಹ ಎಂದು ನಾವು ಅಂದುಕೊಂಡಿದ್ದೇವೆ. ಚಿತ್ರಕಾರರು, ಸಿನಿಮಾದವರು ನಮಗೆ ಕಲಿಸಿದ್ದು ಅದನ್ನೇ. ಹೋಮರನ ಸೈರನ್ನರು ಅಂಥ ಮಾತೇ ಆಡುವುದಿಲ್ಲ. ಟ್ರಾಯ್ ಬಯಲಿನಲ್ಲಿ ಎರಡೂ ಕಡೆಯವರು ಪಟ್ಟ ಪಾಡೆಲ್ಲ ನಮಗೆ ಗೊತ್ತು, ಭೂಮಿಯ ಮೇಲೆ ನಡೆಯುವುದೆಲ್ಲ ನಮಗೆ ಗೊತ್ತು, ಇಲ್ಲಿಗೆ ಬಂದು ಕೇಳಿದವನು ತಿಳಿವಳಿಕಸ್ಥನಾಗಿ ಹೋಗುತ್ತಾನೆ ಎನ್ನುತ್ತಾರೆ. ಅವರು ಒಡ್ಡುವ ಆಮಿಷ ಸುದ್ದಿ, ಅರಿವು. ರೋಮಿನ ಸಿಸೆರೋ ಕೂಡ ಇದನ್ನು ಗಮನಿಸಿದ್ದ: ಒಡಿಸ್ಯೂಸನಂಥವನು ಬರೀ ಸಿಹಿಕಂಠಕ್ಕೆ ಸೋಲುತ್ತಿರಲಿಲ್ಲ, ತಿಳಿಯುವ ಹಸಿವಿಗೆ ಸೋತ ಎಂದು. ಭೂಮಿಯ ಮೇಲೆ ನಡೆಯುವುದೆಲ್ಲ ನಮಗೆ ಗೊತ್ತು ಎಂದು ದಿನಕ್ಕೆ ಹಲವು ಸಲ ಹೇಳುವ ಬಾನುಲಿ ಸಂಸ್ಥೆಯೊಂದರ ಸ್ಟುಡಿಯೋದಲ್ಲಿ ಕೂತು ನಾನು ಈ ಮಾತು ಆಡುತ್ತಿದ್ದೇನೆ. ವಾರ್ತಾ ವಿಭಾಗದ ಮಿತ್ರರು ಕ್ಷಮಿಸಬೇಕು.

ಇನ್ನೊಂದು ಸಂಗತಿ. ಸೈರನ್ನರು ನೋಡಲು ಹೇಗಿದ್ದರು ಎಂದು ಹೋಮರ್ ಹೇಳುವುದೇ ಇಲ್ಲ. ಇಬ್ಬರಿದ್ದರು ಎಂಬುದು ವ್ಯಾಕರಣದಿಂದ ಗೊತ್ತಾಗುತ್ತದೆ; ಸಂಸ್ಕೃತದಂತೆ ಆ ಗ್ರೀಕಿನಲ್ಲೂ ದ್ವಿವಚನವಿದೆ. ಹುಲ್ಲುಗಾವಲು ಉಂಟು, ಮೂಳೆ ಉಂಟು, ದನಿ ಉಂಟು, ಮೈ ಇಲ್ಲ. ಮುಂದಿನ ಎರಡೂವರೆ ಸಾವಿರ ವರ್ಷಗಳ ಕಥೆಯೆಲ್ಲ ಈ ಖಾಲಿ ಜಾಗವನ್ನು ಒಬ್ಬೊಬ್ಬರು ಒಂದೊಂದು ಮೈಯಿಂದ ತುಂಬಿದ ಕಥೆ.

ಹೆಸರಿನ ಮೂಲವೂ ಅಷ್ಟೇ ಜಾರುವಂಥದ್ದು. ಗ್ರೀಕಿನಲ್ಲಿ 'ಸೆಯ್ರಾ' ಎಂದರೆ ಹಗ್ಗ; ಕಟ್ಟಿಹಾಕುವವಳು ಸೈರನ್ ಎಂದು ಕೆಲವರು ಬಿಡಿಸಿದರು. 'ಸೆಯ್ರಿಯೋಸ್' ಎಂದರೆ ಸುಡುವ, ಉರಿಯುವ. ನಮ್ಮ ಲುಬ್ಧಕ ನಕ್ಷತ್ರಕ್ಕೆ ಪಶ್ಚಿಮದವರು ಸಿರಿಯಸ್ ಎನ್ನುವುದು ಅದರಿಂದ. ನಡುಹಗಲಿನ ಗಾಳಿಯಿಲ್ಲದ ಬಿಸಿಲಿನ ಭೂತಗಳು ಇವರು ಎಂದು ಇನ್ನು ಕೆಲವರು. ಗ್ರೀಕರು ಆ ನೆಲಕ್ಕೆ ಬರುವ ಮೊದಲೇ ಅಲ್ಲಿದ್ದ ಯಾವುದೋ ಭಾಷೆಯ ಪದ ಇದು ಎನ್ನುವವರೂ ಇದ್ದಾರೆ. ಹಗ್ಗದ ವಾದ ನನಗೆ ಇಷ್ಟ, ಆದರೆ ಇಷ್ಟವೆಂಬುದು ನಿರುಕ್ತಕ್ಕೆ ಸಾಕ್ಷಿಯಾಗದು. ಅಲ್ಲದೆ ಆ ಕಥೆಯಲ್ಲಿ ಹಗ್ಗ ಇದ್ದದ್ದು ಸೈರನ್ನರ ಕೈಯಲ್ಲಲ್ಲ, ನಾವಿಕರ ಕೈಯಲ್ಲಿ.

ಗ್ರೀಕ್ ಕುಂಬಾರರು ಈ ಖಾಲಿ ಜಾಗಕ್ಕೆ ಹಕ್ಕಿಯ ಮೈ ಕೊಟ್ಟರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕ್ರಿಸ್ತಪೂರ್ವ 480ರ ಸುಮಾರಿನ ಒಂದು ಪಾತ್ರೆ ಇದೆ. ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ್ದು. ಕಂಬಕ್ಕೆ ಕಟ್ಟಿದ ಒಡಿಸ್ಯೂಸ್ ತಲೆ ಎತ್ತಿದ್ದಾನೆ. ಬಂಡೆಗಳ ಮೇಲೆ ಹೆಣ್ಣಿನ ತಲೆ, ಹಕ್ಕಿಯ ಒಡಲು, ರೆಕ್ಕೆ, ಉಗುರು ಇರುವ ಸೈರನ್ನರು. ಒಬ್ಬಳು ಮಾತ್ರ ತಲೆಕೆಳಗಾಗಿ ನೇರ ಹಡಗಿನ ಮೇಲೆ ಬೀಳುತ್ತಿದ್ದಾಳೆ. ಹಾಡಿಗೆ ಸಿಕ್ಕದೆ ಒಬ್ಬನಾದರೂ ದಾಟಿಹೋದರೆ ಸೈರನ್ನರಿಗೆ ಸಾವು ಎಂಬ ಕಥೆಯೊಂದಿತ್ತು. ಅದರ ಚಿತ್ರ ಅದು. ಹಾಗೆ ಸತ್ತು ತೇಲಿಬಂದ ಪಾರ್ಥೆನೋಪಿ ಎಂಬ ಸೈರನ್ನಳ ಸಮಾಧಿಯ ಸುತ್ತ ಬೆಳೆದ ಊರೇ ಇವತ್ತಿನ ನೇಪಲ್ಸ್ ಎಂದು ಅಲ್ಲಿಯವರ ನಂಬಿಕೆ. ಈಗಲೂ ಆ ಊರಿನವರಿಗೆ ಪಾರ್ಥೆನೋಪಿಯವರು ಎಂಬ ಅಡ್ಡಹೆಸರುಂಟು. ಮರಡೋನಾ ಆಡಿದ ಫುಟ್ಬಾಲ್ ತಂಡಕ್ಕೂ ಅದೇ ಬಿರುದು.

ರೆಕ್ಕೆ ಹೇಗೆ ಬಂತು ಎಂಬುದಕ್ಕೆ ಓವಿಡ್ ಕವಿ ಕೊಟ್ಟ ಕಾರಣ ಚೆಂದವಾಗಿದೆ. ಪಾತಾಳದ ದೊರೆಯು ಪರ್ಸೆಫೊನಿ ಎಂಬ ಕನ್ನಿಕೆಯನ್ನು ಹೊತ್ತೊಯ್ದಾಗ ಅವಳ ಗೆಳತಿಯರು ನೆಲವನ್ನೆಲ್ಲ ಹುಡುಕಿ, ಕಡಲನ್ನೂ ಹುಡುಕಬೇಕೆಂದು ರೆಕ್ಕೆ ಬೇಡಿದರಂತೆ. ದೇವತೆಗಳು ಒಪ್ಪಿದರು. ಕಂಠ ಮಾತ್ರ ಮನುಷ್ಯರದ್ದೇ ಉಳಿಯಿತು. ಇಲ್ಲಿ ಸೈರನ್ ಕೊಲೆಗಾತಿಯಲ್ಲ, ಕಳೆದುಹೋದವಳನ್ನು ಹುಡುಕುವ ಗೆಳತಿ. ಅಥೆನ್ಸಿನವರು ಸಮಾಧಿಗಳ ಮೇಲೆ ಕೈಯಲ್ಲಿ ವಾದ್ಯ ಹಿಡಿದು ಶೋಕಿಸುವ ಸೈರನ್ನರನ್ನು ಕಡೆದು ನಿಲ್ಲಿಸುತ್ತಿದ್ದರು. ಪ್ಲೇಟೋ ಇನ್ನೂ ಮೇಲಕ್ಕೆ ಏರಿಸಿದ. ಅವನ 'ರಿಪಬ್ಲಿಕ್' ಗ್ರಂಥದ ಕೊನೆಯಲ್ಲಿ ವಿಶ್ವದ ಎಂಟು ವೃತ್ತಗಳು ತಿರುಗುತ್ತಿರುತ್ತವೆ. ಒಂದೊಂದರ ಮೇಲೂ ಒಬ್ಬ ಸೈರನ್ ನಿಂತು ಒಂದೇ ಒಂದು ಸ್ವರ ಹಿಡಿದಿರುತ್ತಾಳೆ. ಎಂಟೂ ಸೇರಿ ಒಂದು ಮೇಳ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿ ಆಕಾಶವಾಣಿ ಎಂಬ ಹೆಸರಿನ ನಿಲಯ ನಡೆಸಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಹಕ್ಕಿಮೈಯ ಹಾಡುಗಾತಿ ಎಂದಕೂಡಲೆ ನಿಮಗೆ ಕಿನ್ನರಿ ನೆನಪಾಗಬಹುದು. ಆಗಲಿ. ಹೋಲಿಕೆ ಇದೆ ಎಂದ ಮಾತ್ರಕ್ಕೆ ನೆಂಟಸ್ತಿಕೆ ಹೂಡುವುದು ಬೇಡ. ನಮ್ಮ ಕಿನ್ನರಿ ಯಾರನ್ನೂ ಬಂಡೆಗೆ ಅಪ್ಪಳಿಸಲಿಲ್ಲ.

ಈಗ ಆ ಕೈತಪ್ಪು. ಏಳು, ಎಂಟನೆಯ ಶತಮಾನದ ಹೊತ್ತಿಗೆ ಪಶ್ಚಿಮ ಯೂರೋಪಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ವಿಚಿತ್ರಪ್ರಾಣಿಗಳ ಪುಸ್ತಕ ಬರೆಯಲಾಯಿತು. ಬರೆದವರು ಯಾರೋ. ಅದರಲ್ಲಿ ಸೈರನ್ನರು ಸೊಂಟದವರೆಗೆ ಕನ್ನಿಕೆಯರು, ಕೆಳಗೆ ಪೊರೆಯುಳ್ಳ ಮೀನಿನ ಬಾಲದವರು. ರೆಕ್ಕೆ ಮಾಯ. ಕಡಲಲ್ಲಿ ಇರುವವರಿಗೆ ರೆಕ್ಕೆಗಿಂತ ಬಾಲವೇ ಸರಿ ಎಂದುಕೊಂಡರೋ, ಉತ್ತರದ ಕಡಲಿನ ಜಾನಪದದ ನೀರುಹೆಣ್ಣುಗಳು ಒಳಗೆ ಸೇರಿಕೊಂಡವೋ. ಆಮೇಲಿನ ಶತಮಾನಗಳಲ್ಲಿ ಎರಡೂ ಮೈಗಳು ಒಟ್ಟಿಗೇ ಬದುಕಿದವು. ಕೆಲವು ಹಸ್ತಪ್ರತಿಗಳಲ್ಲಿ ಹಕ್ಕಿಯ ಕಾಲು, ರೆಕ್ಕೆ, ಮೀನಿನ ಬಾಲ ಮೂರೂ ಒಬ್ಬಳಿಗೇ ಇವೆ. ವಾರ್ಸಾದ ಹಳೆಯ ಮುದ್ರೆಯಲ್ಲೂ ಆ ಜೀವಿಗೆ ಹಕ್ಕಿಯ ಕಾಲಿತ್ತು. ಪೂರ್ತಿ ಮೀನಾದದ್ದು ಆಮೇಲೆ. ಕೊನೆಗೆ ಬಾಲ ಗೆದ್ದಿತು. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಮತ್ಸ್ಯಕನ್ಯೆಗೆ ಸೈರನ್ ಬಿಟ್ಟರೆ ಬೇರೆ ಹೆಸರೇ ಉಳಿಯಲಿಲ್ಲ. ಕಥೆಗಾರ ಆಂಡರ್ಸನ್ನನ ಪುಟ್ಟ ಮತ್ಸ್ಯಕನ್ಯೆ ಫ್ರೆಂಚ್ ಮಕ್ಕಳಿಗೆ ಪುಟ್ಟ ಸಿರೆನ್. 1971ರಲ್ಲಿ ಸಿಯಾಟಲ್ಲಿನಲ್ಲಿ ಶುರುವಾದ ಸ್ಟಾರ್‌ಬಕ್ಸ್ ಕಾಫಿಯಂಗಡಿಯ ಗುರುತಿನಲ್ಲಿರುವ ಎರಡು ಬಾಲದ ಹೆಂಗಸೂ ಇವಳೇ.

ಬಾಲ ಬಂದದ್ದರಿಂದ ಒಂದು ಬಡಪಾಯಿ ಪ್ರಾಣಿಗೂ ಈ ಹೆಸರು ಅಂಟಿತು. 1493ರ ಜನವರಿಯಲ್ಲಿ ಕೆರಿಬಿಯನ್ ದ್ವೀಪವೊಂದರ ಹತ್ತಿರ ಮೂವರು ಸಿರೆನಾಗಳನ್ನು ಕಂಡೆನೆಂದು ಕೊಲಂಬಸ್ ದಿನಚರಿಯಲ್ಲಿ ದಾಖಲಾಗಿದೆ; ಚಿತ್ರಗಳಲ್ಲಿ ಬರೆಯುವಷ್ಟು ಚೆಲುವೆಯರೇನಲ್ಲ ಎಂಬ ಬೇಸರವೂ ಜೊತೆಗಿದೆ. ಅವನು ಕಂಡದ್ದು ಮ್ಯಾನಟೀ ಎಂಬ ಕಡಲಹಸುವನ್ನು ಎಂಬುದೇ ಈಗಿನವರ ಎಣಿಕೆ. 1811ರಲ್ಲಿ ಜರ್ಮನಿಯ ಇಲಿಗರ್ ಈ ಪ್ರಾಣಿಗಳ ಗಣಕ್ಕೆ ಸೈರೀನಿಯಾ ಎಂದೇ ಹೆಸರಿಟ್ಟ. ಹುಲ್ಲು ಮೇಯುವ, ಮೀಸೆ ಹೊತ್ತ, ಆನೆಯ ದೂರದ ದಾಯಾದಿ. ಅದೇ ಗಣದ ಸ್ಟೆಲ್ಲರ್ ಕಡಲಹಸು 1741ರಲ್ಲಿ ವಿಜ್ಞಾನಿಯ ಕಣ್ಣಿಗೆ ಬಿತ್ತು; ಬೇಟೆಗಾರರ ಕಣ್ಣಿಗೂ ಬಿತ್ತು; 1768ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ನಮ್ಮ ದೇಶದಲ್ಲಿರುವುದು ಡುಗಾಂಗ್: ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಛ್, ಅಂಡಮಾನ್. ಅದಕ್ಕೆಂದೇ 2022ರಲ್ಲಿ ತಮಿಳುನಾಡು ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಮೀಸಲು ಮಾಡಿತು. ಮನುಷ್ಯರನ್ನು ಕೊಲ್ಲುವ ಹೆಣ್ಣುಗಳ ಹೆಸರನ್ನು ಮನುಷ್ಯರಿಂದಲೇ ಕೊಲ್ಲಿಸಿಕೊಂಡ ಪ್ರಾಣಿಗೆ ಇಟ್ಟದ್ದು ಅನ್ಯಾಯವೇ.

ಇನ್ನು ಯಂತ್ರ. ಶಾರ್ಲ್ ಕಾನ್ಯಾರ್ ದ ಲಾ ತೂರ್ ಪ್ಯಾರಿಸ್ಸಿನ ಎಂಜಿನಿಯರ್. ಎಡಿನ್‌ಬರೋದ ಜಾನ್ ರಾಬಿಸನ್ ಇಂಥದ್ದನ್ನು ಮೊದಲೇ ಮಾಡಿನೋಡಿದ್ದ. ಪೂರ್ಣರೂಪ ಕೊಟ್ಟು ಹೆಸರಿಟ್ಟವನು ಕಾನ್ಯಾರ್, 1819ರಲ್ಲಿ. ಅವನ ಪ್ರಶ್ನೆ ಇದು: ಸ್ವರ ಎಂದರೇನು? ತಂತಿಯೋ ಕೊಳಲೋ ಇಲ್ಲದೆ, ಗಾಳಿಯನ್ನು ಬರೀ ತಡೆದು ಬಿಟ್ಟು, ತಡೆದು ಬಿಟ್ಟು ಮಾಡಿದರೆ ಸ್ವರ ಹುಟ್ಟುತ್ತದೆಯೇ? ವೃತ್ತಾಕಾರದಲ್ಲಿ ತೂತುಗಳಿರುವ ಒಂದು ತಟ್ಟೆ. ಅದರ ಮೇಲೆ ಅದೇ ರೀತಿ ತೂತುಗಳಿರುವ, ತಿರುಗುವ ಇನ್ನೊಂದು ತಟ್ಟೆ. ಕೆಳಗಿಂದ ಗಾಳಿ ಊದಿದರೆ ಮೇಲಿನದು ತಿರುಗುತ್ತದೆ. ತೂತುಗಳು ಎದುರುಬದುರಾದಾಗ ಗಾಳಿ ಹೊರಗೆ ಚಿಮ್ಮುತ್ತದೆ, ಇಲ್ಲದಾಗ ನಿಲ್ಲುತ್ತದೆ. ಇಪ್ಪತ್ತು ತೂತಿನ ತಟ್ಟೆ ಸೆಕೆಂಡಿಗೆ 22 ಸುತ್ತು ತಿರುಗಿದರೆ 440 ಬಡಿತ. ಅಷ್ಟು ಬಡಿತವೇ ಆ ಸ್ವರ. ಸುತ್ತು ಎಣಿಸಲು ಗಡಿಯಾರದಂಥ ಮುಳ್ಳು ಜೋಡಿಸಿದ. ಕಿವಿಯಿಂದಷ್ಟೇ ಹಿಡಿಯುತ್ತಿದ್ದ ಶ್ರುತಿ ಅಂಕಿಯಾಗಿ ಮುಳ್ಳಿನಲ್ಲಿ ಸಿಕ್ಕಿತು. ಆಮೇಲೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಸ್ವರಶಾಸ್ತ್ರದ ತನ್ನ ಅಧ್ಯಯನದಲ್ಲಿ ಇದರ ಜೋಡಿ ರೂಪವನ್ನು ಬಳಸಿದ.

ಹೆಸರಿಗೆ ಕಾರಣ? ಕಾನ್ಯಾರ್ ಗಾಳಿಯ ಬದಲು ನೀರು ಹಾಯಿಸಿ ನೋಡಿದ. ಉಪಕರಣವನ್ನು ನೀರಿನಲ್ಲಿ ಮುಳುಗಿಸಿದರೂ ಅದು ಹಾಡಿತು. ನೀರೊಳಗೆ ಹಾಡುವುದರಿಂದ ಇದಕ್ಕೆ ಸಿರೆನ್ ಎನ್ನೋಣ ಎಂದ. ಅಷ್ಟೇ. ಅವನ ಕಣ್ಣ ಮುಂದೆ ಇದ್ದವಳು ಹೋಮರನ ಹುಲ್ಲುಗಾವಲಿನವಳಲ್ಲ, ಬಾಲದವಳು. ಹಕ್ಕಿ ಮೀನಾಗದೆ ಹೋಗಿದ್ದರೆ ಈ ಹೆಸರು ಹೊಳೆಯುತ್ತಲೇ ಇರಲಿಲ್ಲ. ನಮ್ಮ ಆಂಬ್ಯುಲೆನ್ಸಿನ ತಲೆಯ ಮೇಲಿನ ಪೆಟ್ಟಿಗೆಗೆ ಇವತ್ತು ಇನ್ನೇನೋ ಹೆಸರಿರುತ್ತಿತ್ತು. ವಾರ್ಸಾದವರೂ ಒಂದೇ ಮಾತಿನಲ್ಲಿ ಇಬ್ಬರನ್ನೂ ಕರೆಯುತ್ತಿರಲಿಲ್ಲ.

ಪ್ರಯೋಗಾಲಯದಿಂದ ಇದು ಹೊರಗೆ ಬಿದ್ದದ್ದು ಉಗಿ ಸಿಕ್ಕಿದ ಮೇಲೆ. ಬಾಯಿಂದ ಊದುವ ಬದಲು ಬಾಯ್ಲರಿನ ಉಗಿ ಬಿಟ್ಟು, ಮುಂದೆ ದೊಡ್ಡ ಕಹಳೆ ಜೋಡಿಸಿದರೆ ದನಿ ಮೈಲುಗಟ್ಟಲೆ ಹೋಗುತ್ತದೆ. ಮಂಜು ಕವಿದಾಗ ದೀಪಸ್ತಂಭದ ಬೆಳಕು ಕುರುಡಾಗುತ್ತದಲ್ಲ, ಆಗ ಏನು ಮಾಡುವುದು? ಫಿರಂಗಿಯೋ, ಕಹಳೆಯೋ, ಸಿಳ್ಳೆಯೋ, ಸೈರನ್ನೋ? 1873ರಲ್ಲಿ ಇಂಗ್ಲೆಂಡಿನ ಸೌತ್ ಫೋರ್ಲೆಂಡಿನಲ್ಲಿ ಭೌತವಿಜ್ಞಾನಿ ಜಾನ್ ಟಿಂಡಲ್ ಇವನ್ನೆಲ್ಲ ಕಡಲ ಮೇಲೆ ಕೂತು ಕೇಳಿ ಹೋಲಿಸಿದ. ಉಗಿ ಸೈರನ್ನನ್ನು ಬಹಳ ಮೆಚ್ಚಿದ. ದೀಪಸ್ತಂಭಗಳಲ್ಲಿ ಸೈರನ್ ಕೂತಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಡಲು, ಬಂಡೆ, ಬಂಡೆಯ ಮೇಲೆ ಒಂದು ದನಿ, ಕೆಳಗೆ ಹಡಗಿನಲ್ಲಿ ಕಿವಿಗೊಟ್ಟ ನಾವಿಕ. ಹಳೆಯ ಕಥೆಯ ಎಲ್ಲವೂ ಇದ್ದಲ್ಲೇ ಇವೆ. ಬಾ ಎನ್ನುತ್ತಿದ್ದ ದನಿ ಬರಬೇಡ ಎನ್ನುತ್ತಿದೆ ಅಷ್ಟೇ. ಟಿಂಡಲ್ಲನಾಗಲಿ ಹಡಗಿನವರಾಗಲಿ ಇದನ್ನು ಯೋಚಿಸಿ ಮಾಡಿದ್ದಲ್ಲ. ಯಾರದೋ ಲೇಖನಿಯಲ್ಲಿ ಬಾಲ ಬಂತು, ಒಬ್ಬ ಎಂಜಿನಿಯರನ ತೊಟ್ಟಿಯಲ್ಲಿ ಹೆಸರು ಬಂತು, ಮಂಜಿನ ದೆಸೆಯಿಂದ ಅದು ತನ್ನ ಹಳೆಯ ಬಂಡೆಗೇ ವಾಪಸ್ಸು ಬಂತು. ಮೂರು ಆಕಸ್ಮಿಕಗಳನ್ನು ಪೋಣಿಸಿ ಇಷ್ಟು ಒಪ್ಪವಾದ ವ್ಯಂಗ್ಯ ಕಟ್ಟಲು ಯಾವ ಕಾದಂಬರಿಕಾರನಿಗೂ ಧೈರ್ಯ ಬಾರದು.

ಕಾರ್ಖಾನೆಗಳು ಮಾತ್ರ ಸೈರನ್ನಿನಿಂದ ಮತ್ತೆ ಬಾ ಎನ್ನಿಸಿದವು. ಮುಂಬಯಿ, ಸೊಲ್ಲಾಪುರದ ಬಟ್ಟೆ ಗಿರಣಿಗಳಲ್ಲಿ ಅದಕ್ಕೆ ಭೋಂಗಾ ಎನ್ನುತ್ತಿದ್ದರು. ಭೋಂಗಾ ಆಯಿತು ಎಂದರೆ ಬುತ್ತಿ ಹಿಡಿದು ಹೊರಡುವ ಹೊತ್ತು. ಕೋಲಾರದ ಚಿನ್ನದ ಗಣಿಯಲ್ಲೂ ಪಾಳಿ ಬದಲಾಗುವುದನ್ನು ಸಾರುತ್ತಿದ್ದುದು ಸೈರನ್ನೇ. ಮನೆಯಲ್ಲಿ ಗಡಿಯಾರವಿಲ್ಲದವರೂ ಅದನ್ನು ಕೇಳಿ ಒಲೆ ಹೊತ್ತಿಸುತ್ತಿದ್ದರು. 2001ರ ಫೆಬ್ರವರಿ ಕೊನೆಗೆ ಆ ಗಣಿ ಮುಚ್ಚಿತು.

ಎರಡನೆಯ ಮಹಾಯುದ್ಧ ಈ ಸದ್ದಿಗೆ ಇನ್ನೊಂದು ವ್ಯಾಕರಣ ಕೊಟ್ಟಿತು. ಏರಿ ಇಳಿಯುವ ಸದ್ದು ಎಂದರೆ ವಿಮಾನ ಬರುತ್ತಿದೆ, ಅಡಗಿಕೊಳ್ಳಿ. ಒಂದೇ ಮಟ್ಟದಲ್ಲಿ ಎಳೆದ ಸದ್ದು ಎಂದರೆ ಹೋಯಿತು, ಹೊರಗೆ ಬನ್ನಿ. ಆ ಏರಿಳಿತ ಅಳುವಿನಂತೆ ಕೇಳಿಸುವುದರಲ್ಲಿ ಮಂತ್ರವೇನೂ ಇಲ್ಲ. ಮೋಟಾರಿಗೆ ವಿದ್ಯುತ್ ಕೊಟ್ಟಾಗ ಚಕ್ರ ವೇಗ ಪಡೆಯುತ್ತದೆ, ಸ್ವರ ಏರುತ್ತದೆ. ಕಡಿದಾಗ ಸೋಲುತ್ತ ಬರುತ್ತದೆ, ಸ್ವರ ಇಳಿಯುತ್ತದೆ. ಭಾರದ ಚಕ್ರದ ಜಡತ್ವವೇ ನಮಗೆ ರೋದನ. ಈಗಿನ ಆಂಬ್ಯುಲೆನ್ಸಿನಲ್ಲಿ ಚಕ್ರವೂ ಇಲ್ಲ, ತೂತೂ ಇಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆ ಆ ಹಳೆಯ ಚಕ್ರದ ಏದುಸಿರನ್ನು ಅನುಕರಿಸುತ್ತದೆ. 2025ರ ಮೇ 7ರಂದು ದೇಶದ ಹಲವೆಡೆ ನಡೆದ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಯಲ್ಲಿ ಬೆಂಗಳೂರಿನಲ್ಲೂ ಸೈರನ್ ಮೊಳಗಿತು. 1971ರ ಯುದ್ಧದ ದಿನಗಳನ್ನು ಕಂಡವರಿಗೆ ಅದು ಪರಿಚಿತ ಸದ್ದು. ಅವರ ಮೊಮ್ಮಕ್ಕಳಿಗೆ ಸಿನಿಮಾದ ಸದ್ದು.

ಸರ್ಕಾರಿ ಪಂಚಾಂಗದಲ್ಲಿ ಇದಕ್ಕೆ ಇನ್ನೂ ಒಂದು ಕೆಲಸವಿದೆ. ಜನವರಿ 30, ಹುತಾತ್ಮರ ದಿನ. ಬೆಳಗ್ಗೆ 10 ಗಂಟೆ 59 ನಿಮಿಷಕ್ಕೆ ಒಂದು ನಿಮಿಷ ಸೈರನ್, ಆಮೇಲೆ ಎರಡು ನಿಮಿಷ ಮೌನ, ಮತ್ತೆ ಸೈರನ್. ಸೌಲಭ್ಯ ಇರುವಲ್ಲೆಲ್ಲ ಹೀಗೆ ಮಾಡಬೇಕೆಂದು ಸೂಚನೆಯಿದೆ.

ಕೊನೆಯದಾಗಿ ನಮ್ಮ ಬಾನುಲಿಗೇ ಸೇರಿದ ಒಂದು ಪ್ರಸಂಗ. 2021ರ ಅಕ್ಟೋಬರಿನಲ್ಲಿ ನಾಸಿಕದಲ್ಲಿ ಮಾತಾಡುತ್ತ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರು, ಪೊಲೀಸ್ ವಾಹನ, ಆಂಬ್ಯುಲೆನ್ಸುಗಳ ಸೈರನ್ ಕಿವಿಗೆ ಹಿಂಸೆ, ಅದರ ಬದಲು ಬೆಳಗಿನ ಜಾವ ಆಕಾಶವಾಣಿಯಲ್ಲಿ ಬರುತ್ತಿದ್ದ ರಾಗವನ್ನು ಆಂಬ್ಯುಲೆನ್ಸಿಗೆ ಹಾಕಿಸುವ ಯೋಚನೆಯಿದೆ ಎಂದರು. ನಿಲಯ ತೆರೆಯುವಾಗ ನೀವು ಕೇಳುತ್ತಿದ್ದ ಅದೇ ಸಂಕೇತ ಸಂಗೀತ. ಹಿಟ್ಲರನಿಂದ ತಪ್ಪಿಸಿಕೊಂಡು ಮುಂಬಯಿಗೆ ಬಂದಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕಾಫ್‌ಮನ್ ಶಿವರಂಜಿನಿ ರಾಗದಲ್ಲಿ ಕಟ್ಟಿದ್ದೆಂದು ಅದರ ಬಗ್ಗೆ ಹೇಳುತ್ತಾರೆ.

ಸಚಿವರ ಕಿವಿಗೆ ನನ್ನ ಪೂರ್ಣ ಸಹಾನುಭೂತಿ ಇದೆ. ಆದರೆ ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಂಜೆ ಆರಕ್ಕೆ ಹಿಂದಿನಿಂದ ಶಿವರಂಜಿನಿ ತೇಲಿಬಂತು ಎನ್ನಿ. ಅರವತ್ತು ದಾಟಿದ ಚಾಲಕರು ದಾರಿ ಬಿಡುತ್ತಾರೋ, ಕಿಟಕಿಯ ಗಾಜು ಇಳಿಸಿ ಕೂರುತ್ತಾರೋ? ಕಾನ್ಯಾರನ ತಟ್ಟೆ ಕರ್ಕಶವಾಗಿರುವುದರಿಂದಲೇ ಒಳಗೆ ಮಲಗಿರುವ ರೋಗಿ ಆಸ್ಪತ್ರೆ ಸೇರುತ್ತಾನೆ. ರಾಗ ನಮ್ಮ ನಿಲಯದಲ್ಲೇ ಇರಲಿ.